ಪ್ಲ್ಯಾನ್ ಏರಿಸುವ ಮುಂಚೆ ಅಳತೆ ಮಾಡಿ: ಮನೆಯ ವೈಫೈ ನಿಧಾನವಾದರೆ ಏನು ನೋಡಬೇಕು

ಧಾರವಾಡದಲ್ಲಿ ಮನೆ, ಪಿಜಿ, ಸಣ್ಣ ಆಫೀಸುಗಳಿಗೆ ಕೇಬಲ್ ಎಳೆದು ವೈಫೈ ಕೂಡಿಸಿ ಕೊಡುವುದು ನನ್ನ ಕೆಲಸ. ನನಗೆ ಬರುವ ಫೋನುಗಳಲ್ಲಿ ಬಹಳಷ್ಟು ಒಂದೇ ನಮೂನೆಯವು. "ಅಣ್ಣಾರ, ನೂರು ಎಂಬಿಪಿಎಸ್ ಪ್ಲ್ಯಾನ್ ಐತಿ, ಒಳಗಿನ ಖೋಲಿಯೊಳಗ ಹತ್ತೂ ಬರವಲ್ದು. ಇನ್ನೂರಕ್ಕ ಏರಿಸಲ್ಯಾ ಹೆಂಗ?" ಬೇಡ ಎಂದೇ ಹೇಳುತ್ತೇನೆ. ಅಳತೆ ಮಾಡಿ ನೋಡುವ ತನಕ ಒಂದು ರೂಪಾಯಿಯನ್ನೂ ಜಾಸ್ತಿ ಕಟ್ಟಬೇಡಿ.

ಇಂಟರ್ನೆಟ್ ನಿಮ್ಮ ಫೋನಿಗೆ ಎರಡು ಹಂತದಲ್ಲಿ ಬರುತ್ತದೆ. ಕಂಪನಿಯಿಂದ ನಿಮ್ಮ ಮನೆಯ ಬಾಕ್ಸಿನ (ವೈಫೈ ರೌಟರಿನ) ತನಕ ಫೈಬರ್ ತಂತಿಯಲ್ಲಿ ಬರುತ್ತದೆ. ಬಾಕ್ಸಿನಿಂದ ನಿಮ್ಮ ಕೈಯಲ್ಲಿರುವ ಫೋನಿನ ತನಕ ಗಾಳಿಯಲ್ಲಿ ಬರುತ್ತದೆ. ಪ್ಲ್ಯಾನಿಗೆ ಕೊಡುವ ದುಡ್ಡು ಮೊದಲನೇ ಹಂತಕ್ಕೆ ಮಾತ್ರ. ನಾನು ನೋಡಿದ ಮನೆಗಳಲ್ಲಿ ತೊಂದರೆ ಇದ್ದದ್ದು ಹೆಚ್ಚಾಗಿ ಎರಡನೇ ಹಂತದಲ್ಲಿ. ಅಲ್ಲಿ ಸಿಕ್ಕಿಹಾಕಿಕೊಂಡಿರುವ ಸ್ಪೀಡು, ಪ್ಲ್ಯಾನನ್ನು ಮುನ್ನೂರಕ್ಕೆ ಏರಿಸಿದರೂ ಹಾಗೇ ಇರುತ್ತದೆ.

ಮೊದಲು ಅಂಕಿ ಸರಿಯಾಗಿ ಓದಿ

"100 ಎಂಬಿಪಿಎಸ್ ಅಂತೀರಿ, ಡೌನ್‌ಲೋಡ್ ಮಾಡುವಾಗ 11 ಅಂತ ತೋರಿಸುತ್ತೆ" ಎಂದು ದೂರು ಬರುತ್ತದೆ. ಅದು ಮೋಸ ಅಲ್ಲ. ಕಂಪನಿಯವರ ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಬಿಟ್ ಲೆಕ್ಕ, ಬ್ರೌಸರ್ ತೋರಿಸುವುದು ಬೈಟ್ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100ರ ಪ್ಲ್ಯಾನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಇಳಿಯಬೇಕು. ದಾರಿಯಲ್ಲಿ ಸ್ವಲ್ಪ ಖರ್ಚಾಗಿ 11, 11.5 ಬಂದರೆ ನಿಮಗೆ ಪೂರ್ತಿ ಸ್ಪೀಡ್ ಸಿಗುತ್ತಿದೆ ಎಂದೇ ಅರ್ಥ. 700 ಎಂಬಿಯ ಕ್ಲಾಸ್ ವಿಡಿಯೋ ಒಂದು ನಿಮಿಷದಲ್ಲಿ ಇಳಿದರೆ ಲೈನೂ ಚೆನ್ನಾಗಿದೆ, ವೈಫೈಯೂ ಚೆನ್ನಾಗಿದೆ.

ಇನ್ನೊಂದು ಮಾತು. ಒಂದೇ ಒಂದು ವೆಬ್‌ಸೈಟ್ ನಿಧಾನವಾಗಿದ್ದು ಉಳಿದವೆಲ್ಲ ಸರಿ ಇದ್ದರೆ ಮನೆಯ ವೈಫೈಯನ್ನು ಮುಟ್ಟಬೇಡಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವ ದಿನ ಇಡೀ ರಾಜ್ಯದವರು ಒಂದೇ ಸಲ ಅದೇ ಪುಟ ತೆರೆಯುತ್ತಾರೆ. ಆಗ ಸುಸ್ತಾಗುವುದು ಆ ಕಡೆಯ ಸರ್ವರ್. ನೀವು ಎಷ್ಟು ಸಲ ಬಾಕ್ಸ್ ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ.

ಮೂರು ಜಾಗ, ಮೂರು ಅಳತೆ

ಅಳತೆ ಮಾಡುವಾಗ ಮನೆಯ ಉಳಿದ ಫೋನು, ಟಿವಿಗಳ ವೈಫೈ ಆಫ್ ಇರಲಿ. ಮೊದಲ ಅಳತೆ ತಂತಿಯಲ್ಲಿ. ಬಾಕ್ಸಿನ ಲ್ಯಾನ್ ಪೋರ್ಟಿನಿಂದ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಸ್ಪೀಡ್ ಟೆಸ್ಟ್ ಮಾಡಿ. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ಪೋರ್ಟ್ ಇರುವುದಿಲ್ಲ, ಯುಎಸ್‌ಬಿ ಅಡಾಪ್ಟರ್ ಯಾರ ಹತ್ತಿರವಾದರೂ ಕೇಳಿ ತನ್ನಿ. ಎರಡನೇ ಅಳತೆ ಬಾಕ್ಸಿನಿಂದ ನಾಲ್ಕೈದು ಅಡಿ ದೂರದಲ್ಲಿ ನಿಂತು, ಫೋನಿನಲ್ಲಿ. ಮೂರನೇದು ನೀವು ದಿನಾ ಕೂತು ಕೆಲಸ ಮಾಡುವ ಜಾಗದಲ್ಲಿ, ಅದೇ ಫೋನಿನಲ್ಲಿ. ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಮಾಡಿದರೆ ಇನ್ನೂ ಒಳ್ಳೆಯದು.

ಒಂದೇ ಟೆಸ್ಟನ್ನು ನಂಬಬೇಡಿ. ಕೆಲವು ಟೆಸ್ಟುಗಳು ಕಂಪನಿಯ ಜಾಲದ ಒಳಗೇ ಇರುವ ಸರ್ವರಿನಿಂದ ಅಳೆಯುತ್ತವೆ, ಅಂಕಿ ಚೆಂದ ಬರುತ್ತದೆ. ಜೊತೆಗೆ ಫಾಸ್ಟ್ ಡಾಟ್ ಕಾಮ್‌ನಲ್ಲೂ ನೋಡಿ, ಅದು ನೆಟ್‌ಫ್ಲಿಕ್ಸ್‌ನವರ ಸರ್ವರಿನಿಂದ ಇಳಿಸಿ ಅಳೆಯುತ್ತದೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಕೂಡ ಇದೆ.

ಈಗ ಚೀಟಿ ನೋಡಿ. ತಂತಿಯಲ್ಲೇ ಕಡಿಮೆ ಬಂದರೆ ತೊಂದರೆ ಲೈನಿನಲ್ಲಿ ಅಥವಾ ಕೇಬಲಿನಲ್ಲಿ. ತಂತಿಯಲ್ಲಿ ಸರಿ, ಬಾಕ್ಸಿನ ಮುಂದೆ ನಿಂತರೂ ಕಡಿಮೆ ಎಂದಾದರೆ ಬಾಕ್ಸಿನ ವೈಫೈ ಅಥವಾ ಫೋನು ಹಳೆಯದು, ಇಲ್ಲವೇ ಸೆಟ್ಟಿಂಗ್ ತಪ್ಪಿದೆ. ಎರಡೂ ಸರಿ, ಖೋಲಿಯಲ್ಲಿ ಮಾತ್ರ ಕಡಿಮೆ ಎಂದಾದರೆ ಗೋಡೆ. ನಮ್ಮ ಊರಲ್ಲಿ ಈ ಮೂರನೇದೇ ಜಾಸ್ತಿ.

ಗೋಡೆ, ಟ್ರೆಜರಿ, ನೀರಿನ ಬ್ಯಾರಲ್

ಫೈಬರ್ ಹಾಕಲು ಬಂದ ಹುಡುಗನಿಗೆ ದಿನಕ್ಕೆ ಇಂತಿಷ್ಟು ಮನೆ ಮುಗಿಸಬೇಕು ಎಂದಿರುತ್ತದೆ. ಬೀದಿ ಕಡೆಯ ಕಿಟಕಿಯಿಂದ ತಂತಿ ಒಳಗೆ ತಂದು, ಸಿಕ್ಕ ಮೊದಲ ಮೂಲೆಯಲ್ಲಿ ಬಾಕ್ಸ್ ಹೊಡೆದು ಹೋಗುತ್ತಾನೆ. ಹೀಗಾಗಿ ಬಾಕ್ಸ್ ಪಡಸಾಲೆಯ ಟಿವಿ ಹಿಂದೆ, ಇಲ್ಲವೇ ಶೋಕೇಸಿನ ಒಳಗೆ. ಅರ್ಧ ಸಿಗ್ನಲ್ ಬೀದಿಗೆ ಹೋಗುತ್ತದೆ. ಓದುವ ಮಕ್ಕಳು, ಮನೆಯಿಂದ ಕೆಲಸ ಮಾಡುವವರು ಕೂರುವುದು ಮನೆಯ ಹಿಂದಿನ ತುದಿಯಲ್ಲಿ.

ಮಾಳಮಡ್ಡಿಯ ಒಂದು ಹಳೆ ಮನೆಯನ್ನು ಹೇಳುತ್ತೇನೆ. ಕಲ್ಲಿನ ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪ, ಮೇಲೆ ಹಂಚು. ಅಜ್ಜ ಅಜ್ಜಿ ಪಡಸಾಲೆಯಲ್ಲಿ ಟಿವಿ ನೋಡುತ್ತಾರೆ, ಅವರಿಗೆ ಯಾವ ತೊಂದರೆಯೂ ಇಲ್ಲ. ಮೊಮ್ಮಗಳು ಪುಣೆಯ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ, ಅವಳ ಖೋಲಿ ಹಿತ್ತಲ ಕಡೆಗೆ. ತಂತಿಯಲ್ಲಿ 94 ಬಂತು. ಬಾಕ್ಸಿನ ಮುಂದೆ 88. ಅವಳ ಖೋಲಿಯಲ್ಲಿ 7. ನಡುವೆ ಎರಡು ಕಲ್ಲಿನ ಗೋಡೆ. ಒಂದು ಗೋಡೆಗೆ ಆನಿಸಿ ಕಬ್ಬಿಣದ ಟ್ರೆಜರಿ (ಕಪಾಟು), ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಇನ್ನೊಂದು ಗೋಡೆಯ ಪಕ್ಕ ಅಡಿಗೆ ಮನೆಯಲ್ಲಿ ನೀರು ತುಂಬಿಟ್ಟ ಬ್ಯಾರಲ್‌ಗಳ ಸಾಲು. ಹುಬ್ಬಳ್ಳಿ-ಧಾರವಾಡದಲ್ಲಿ ನೀರಿಗಾಗಿ ದಿನಗಟ್ಟಲೆ ಕಾದು ರೂಢಿಯಾದವರು ನಾವು, ಹಿಡಿದಿಡದೆ ಇರುವ ಮನೆ ಕಡಿಮೆ. ಆದರೆ ವೈಫೈಗೆ ನೀರು ದೊಡ್ಡ ಅಡ್ಡಿ, ಅಲೆಗಳನ್ನು ಹೀರಿಬಿಡುತ್ತದೆ. ಕಬ್ಬಿಣ ಮತ್ತು ಕನ್ನಡಿಯ ಹಿಂಬದಿಯ ಲೇಪ ಅವನ್ನು ವಾಪಸ್ ಕಳಿಸುತ್ತವೆ. ಹೊಸ ಮನೆಗಳಲ್ಲಿ ಸ್ಲ್ಯಾಬಿನೊಳಗಿನ ಸರಳುಗಳು ಇದೇ ಕೆಲಸ ಮಾಡುತ್ತವೆ, ಅದಕ್ಕೇ ಮಹಡಿ ಮೇಲೆ ಸಿಗ್ನಲ್ ಸಾಯುತ್ತದೆ.

ಆ ಮನೆಯವರು 300ರ ಪ್ಲ್ಯಾನಿಗೆ ಹೋಗುವುದೆಂದು ನಿರ್ಧಾರ ಮಾಡಿದ್ದರು. ನಾವು ಪ್ಲ್ಯಾನ್ ಮುಟ್ಟಲಿಲ್ಲ. ಪಡಸಾಲೆಯ ಬಾಕ್ಸಿನಿಂದ ಒಂದು ಕ್ಯಾಟ್ 6 ಲ್ಯಾನ್ ಕೇಬಲನ್ನು ಗೋಡೆಯ ಮೇಲಂಚಿನಲ್ಲಿ ಓಡಿಸಿ, ಬೆಳಕಿಂಡಿಗಳಲ್ಲಿ ತೂರಿಸಿ, ಮೊಮ್ಮಗಳ ಖೋಲಿಯ ಬಾಗಿಲ ಮೇಲೆ ತಂದೆವು. ಹಳೆ ಕನೆಕ್ಷನ್ನಿನ ಡ್ಯುಯಲ್ ಬ್ಯಾಂಡ್ (2.4, 5 ಗಿಗಾಹರ್ಟ್ಸ್ ಎರಡೂ ಇರುವ) ರೌಟರ್ ಮನೆಯಲ್ಲೇ ಇತ್ತು, ಅದನ್ನೇ ಅಲ್ಲಿ ಕೂಡಿಸಿದೆವು. ಈಗ ಅವಳ ಟೇಬಲ್ ಹತ್ತಿರ 80ರ ಮೇಲೆ ಬರುತ್ತದೆ. ಬಿಲ್ಲು ಮೊದಲಿನಷ್ಟೇ.

ಇದನ್ನು ನೀವೇ ಮಾಡಬಹುದು. ಎರಡನೇ ರೌಟರಿನ ಸೆಟ್ಟಿಂಗ್ ಪುಟದಲ್ಲಿ (ಬ್ರೌಸರಿನಲ್ಲಿ ತೆರೆಯುವುದು, ವಿಳಾಸ ರೌಟರಿನ ಬೆನ್ನಿನ ಸ್ಟಿಕ್ಕರಿನ ಮೇಲಿರುತ್ತದೆ) ಆ್ಯಕ್ಸೆಸ್ ಪಾಯಿಂಟ್ ಮೋಡ್, ಅಂದರೆ ಬರೀ ವೈಫೈ ಹಂಚುವ ಮೋಡ್ ಇದ್ದರೆ ಅದನ್ನು ಆರಿಸಿ, ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಅದರ ವಿಳಾಸವನ್ನು ಮೊದಲ ಬಾಕ್ಸಿಗಿಂತ ಬೇರೆ ಮಾಡಿ. ಬಾಕ್ಸ್ 192.168.1.1 ಆದರೆ ಇದಕ್ಕೆ 192.168.1.2 ಕೊಡಿ. ಇದರ ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಬಾಕ್ಸಿನಿಂದ ಬಂದ ಕೇಬಲನ್ನು ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಫೋನು ತಾನೇ ಹತ್ತಿರದ್ದನ್ನು ಹಿಡಿಯುತ್ತದೆ.

ಕೇಬಲ್ ಎಳೆಯಲು ಮನಸ್ಸಿಲ್ಲದವರು ಮೊದಲು ಬಾಕ್ಸಿನ ಜಾಗ ಬದಲಿಸಿ ನೋಡಿ. ಶೋಕೇಸಿನಿಂದ ಹೊರಗೆ ತನ್ನಿ, ಎದೆ ಮಟ್ಟಕ್ಕಿಂತ ಮೇಲಿಡಿ, ನಡುಮನೆಯ ಬಾಗಿಲಿಗೆ ನೇರವಾಗಿ ಬರುವಂತಿಡಿ. ತೆರೆದ ಬಾಗಿಲಲ್ಲಿ ಸಿಗ್ನಲ್ ಸಲೀಸಾಗಿ ಹೋಗುತ್ತದೆ. ಟ್ರೆಜರಿಯನ್ನು ಪಕ್ಕದ ಗೋಡೆಗೆ ಸರಿಸಿದರೂ ವ್ಯತ್ಯಾಸ ಕಾಣುತ್ತದೆ. ಕಸೂತಿ ಹಾಕಿದ ಬಟ್ಟೆಯನ್ನು ಬಾಕ್ಸಿಗೆ ಹೊದಿಸುವ ರೂಢಿ ನಮ್ಮ ಕಡೆ ಇದೆ. ಬಟ್ಟೆ ಸಿಗ್ನಲ್ ತಡೆಯುವುದಿಲ್ಲ, ಆದರೆ ಏಪ್ರಿಲ್, ಮೇ ಬಿಸಿಲಲ್ಲಿ ಬಾಕ್ಸ್ ಕಾದು ತಡವರಿಸುತ್ತದೆ. ತೆಗೆದುಬಿಡಿ.

ಹಳದಿ ಬಣ್ಣದ ಸಣ್ಣ ಫೈಬರ್ ತಂತಿಯ ಬಗ್ಗೆ ಮಾತ್ರ ಹುಷಾರು. ಅದರೊಳಗೆ ಹೋಗುವುದು ಬೆಳಕು. ಬಿಗಿಯಾಗಿ ಮಡಚಿದರೆ, ಮೇಲೆ ಮೊಳೆ ಹೊಡೆದರೆ, ಸೋಫಾ ಕಾಲಡಿ ಸಿಕ್ಕಿಸಿದರೆ ಬೆಳಕು ಸೋರಿಹೋಗುತ್ತದೆ. ಬಾಕ್ಸನ್ನು ದೂರ ಒಯ್ಯಬೇಕಾದರೆ ಆ ತಂತಿಯನ್ನು ಎಳೆದಾಡಬೇಡಿ. ಬಾಕ್ಸ್ ಅಲ್ಲೇ ಇರಲಿ, ಲ್ಯಾನ್ ಕೇಬಲ್ ಮುಂದೆ ಹೋಗಲಿ.

2.4 ಮತ್ತು 5

ಬಾಕ್ಸಿನ ವೈಫೈಗೆ ಎರಡು ಹೆಸರು ಕಾಣುತ್ತವೆ, ಒಂದರ ಕೊನೆಗೆ 5ಜಿ ಎಂದಿರುತ್ತದೆ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಷ್ಟೇ. 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. 5 ವೇಗ ಜಾಸ್ತಿ, ದಪ್ಪ ಗೋಡೆ ಬಂದರೆ ನಿಂತುಬಿಡುತ್ತದೆ. ಬಾಕ್ಸ್ ಇರುವ ಖೋಲಿ ಮತ್ತು ಪಕ್ಕದ ಖೋಲಿಯಲ್ಲಿ 5 ಹಿಡಿಯಿರಿ, ಅದರಾಚೆ 2.4.

ಇದು ಸಣ್ಣ ವಿಷಯ ಅಲ್ಲ. ಒಂದೇ ಆ್ಯಂಟೆನಾದ ಸಾಧಾರಣ ಫೋನು 2.4ರಲ್ಲಿ, 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ (ಅಲೆಗಳು ಓಡುವ ದಾರಿಯಲ್ಲಿ) ಕೂಡಿಕೊಂಡರೆ ಸಂಪರ್ಕದ ವೇಗ 72 ಎಂಬಿಪಿಎಸ್ ದಾಟುವುದು ಕಷ್ಟ. ಕೈಗೆ ಸಿಗುವುದು 40ರ ಆಸುಪಾಸು. ಅಂಥ ಫೋನಿಗಾಗಿ 200ರ ಪ್ಲ್ಯಾನ್ ಹಾಕಿಸಿದರೆ ಏನು ಬಂತು? ಅದೇ ಫೋನಿನಲ್ಲಿ 5 ಇದ್ದರೆ ಇದ್ದ ಪ್ಲ್ಯಾನಿನಲ್ಲೇ ದುಪ್ಪಟ್ಟು ಸಿಗಬಹುದು. ನಮ್ಮ ದೇಶದಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್‌ನ ಇನ್ನಷ್ಟು ಜಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ, ಹಾಗಾಗಿ ಅಲ್ಲಿ ನೂಕುನುಗ್ಗಲು ಕಡಿಮೆ.

ಟಿವಿ ಬಾಕ್ಸಿನ ಪಕ್ಕದಲ್ಲೇ ಇದ್ದರೆ ಅದಕ್ಕೆ ಲ್ಯಾನ್ ಕೇಬಲ್ ಹಾಕಿಬಿಡಿ. ನೆಟ್‌ಫ್ಲಿಕ್ಸ್ 4ಕೆ ಚಿತ್ರಕ್ಕೆ ಕೇಳುವುದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ಗಾಳಿಯಲ್ಲಿ ಆ ಜಾಗ ಉಳಿದವರಿಗೆ ಬಿಡುತ್ತದೆ.

ಸಪ್ತಾಪುರದ ಗದ್ದಲ

ಧಾರವಾಡದ ಸಪ್ತಾಪುರದಲ್ಲಿ ನಿಂತು ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ತೆರೆದರೆ ಪರದೆ ತುಂಬ ಹೆಸರುಗಳು. ಪಿಜಿ ಮೇಲೆ ಪಿಜಿ, ಕೋಚಿಂಗ್ ಪಕ್ಕ ಕೋಚಿಂಗ್, ಎಲ್ಲರದೂ 2.4ರಲ್ಲೇ. 2.4ರಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಮೂರೇ: 1, 6, 11. ಈ ಮೂರರಲ್ಲಿ ಯಾವುದರಲ್ಲಿ ಗದ್ದಲ ಕಡಿಮೆಯೋ ಅದನ್ನು ಸೆಟ್ಟಿಂಗಿನಲ್ಲಿ ಆರಿಸಿ. 3 ಖಾಲಿ ಕಾಣುತ್ತದೆ ಎಂದು 3ಕ್ಕೆ ಹೋಗಬೇಡಿ, ಆ ಕಡೆ 1ರವರು, ಈ ಕಡೆ 6ರವರು, ಇಬ್ಬರ ಗದ್ದಲವೂ ನಿಮ್ಮ ಮೇಲೆ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. 40 ಇಟ್ಟರೆ ಅಂಕಿ ದೊಡ್ಡದು ಕಾಣುತ್ತದೆ, ಇಂಥ ಓಣಿಯಲ್ಲಿ ಕೆಲಸ ಮಾತ್ರ ಕೆಡುತ್ತದೆ.

ಅಲ್ಲಿಯ ಒಂದು ಮೂರಂತಸ್ತಿನ ಪಿಜಿ ನಡೆಸುವ ಅಕ್ಕ ಕರೆಸಿದ್ದರು. "ಹುಡುಗೂರ ಕ್ಲಾಸ್ ನಡುವ ನಿಂದರತೈತ್ರಿ, ನನ್ನ ಮ್ಯಾಲೆ ಸಿಟ್ಟಾಗ್ತಾರ." ಹಾವೇರಿ, ಗದಗ, ಕೊಪ್ಪಳದ ಹಳ್ಳಿಗಳಿಂದ ಪಿಎಸ್ಐ, ಕೆಎಎಸ್ ಪರೀಕ್ಷೆಗೆ ಓದಲು ಬಂದ ಹುಡುಗರು. ಹೊಲದ ದುಡ್ಡಿನಲ್ಲಿ ಫೀ ಕಟ್ಟಿದ ಲೈವ್ ಕ್ಲಾಸ್ ನಡುವೆ ನಿಂತರೆ ಅವರಿಗೆ ಎಷ್ಟು ಸಂಕಟ ಆಗಬೇಡ. ತಂತಿಯಲ್ಲಿ ಅಳೆದರೆ 93, ಲೈನಿನದೇನೂ ತಪ್ಪಿಲ್ಲ. ರೌಟರಿನ ಮುಂದೆ ನಿಂತರೂ 24 ದಾಟುತ್ತಿರಲಿಲ್ಲ. ಮೂರನೇ ಮಹಡಿಯಲ್ಲಿ 2, 3.

ಮುಂದೆ ನಿಂತರೂ 24 ಎಂದಾಗಲೇ ಸೆಟ್ಟಿಂಗ್ ನೋಡಬೇಕು ಅನ್ನಿಸಿತು. ಸೆಕ್ಯುರಿಟಿ ಜಾಗದಲ್ಲಿ ಯಾರೋ ವೈಫೈಗೆ ಬೀಗ ಹಾಕುವ ಹಳೆಯ ಪದ್ಧತಿಯಾದ ಡಬ್ಲ್ಯೂಪಿಎ, ಟಿಕೆಐಪಿ ಎಂದು ಇಟ್ಟಿದ್ದರು. ಅದನ್ನಿಟ್ಟರೆ ರೌಟರ್ ಹೊಸ ವೇಗಗಳನ್ನು ಬಿಟ್ಟು 54ಕ್ಕೆ ಇಳಿದುಬಿಡುತ್ತದೆ, ಕೈಗೆ ಸಿಗುವುದು ಅದರ ಅರ್ಧ. ಡಬ್ಲ್ಯೂಪಿಎ2, ಎಇಎಸ್ ಎಂದು ಬದಲಿಸಿದ ಕೂಡಲೇ ರೌಟರಿನ ಮುಂದೆ 45 ಬಂತು. ನಿಮ್ಮ ಮನೆಯದನ್ನೂ ಒಮ್ಮೆ ನೋಡಿ, ಐದು ನಿಮಿಷದ ಕೆಲಸ. ಪುಟದ ವಿಳಾಸ, ಪಾಸ್‌ವರ್ಡ್ ಬಾಕ್ಸಿನ ಬೆನ್ನಿನ ಸ್ಟಿಕ್ಕರಿನ ಮೇಲೆ ಇರುತ್ತದೆ.

ಮೂರನೇ ಮಹಡಿಯದು ಬೇರೆ ಕಥೆ. ಒಂದು ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಉಳಿದವರು ಸುಮ್ನೆ ಕಾಯಬೇಕು. ಮೂರನೇ ಮಹಡಿಯ ಫೋನಿಗೆ ಸಿಗ್ನಲ್ ಸಣ್ಣದು, ಅದರ ಮಾತು ನಿಧಾನ. ಅದು ತನ್ನ ಪಾಳಿ ಮುಗಿಸುವ ತನಕ ಕೆಳಗೆ ರೌಟರಿನ ಪಕ್ಕದಲ್ಲಿ ಕೂತವನೂ ಕಾಯಬೇಕು. ದೂರದ ಒಂದೆರಡು ಫೋನು ಇಡೀ ಮನೆಯನ್ನು ನಿಧಾನ ಮಾಡುವುದು ಹೀಗೆ. ಮಹಡಿಗೊಂದು ಆ್ಯಕ್ಸೆಸ್ ಪಾಯಿಂಟ್, ಪ್ರತಿಯೊಂದಕ್ಕೂ ಕೆಳಗಿನಿಂದ ಕೇಬಲ್, ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6, ಮತ್ತೊಂದಕ್ಕೆ 11. ಅದೇ ನೂರರ ಪ್ಲ್ಯಾನಿನಲ್ಲಿ ಈಗ ಹುಡುಗರ ಕ್ಲಾಸು ನಿಲ್ಲದೆ ನಡೆಯುತ್ತಿದೆ.

ಬೂಸ್ಟರ್ ಎಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ಮಾರುತ್ತಾರೆ. ಅದು ಕೇಳಿದ್ದನ್ನೇ ಮತ್ತೊಮ್ಮೆ ಹೇಳಬೇಕು, ಅದೂ ಅದೇ ಚಾನೆಲ್ಲಿನಲ್ಲಿ, ಹಾಗಾಗಿ ಸ್ಪೀಡ್ ಅರ್ಧಕ್ಕೆ ಬೀಳುತ್ತದೆ. ಕೇಬಲ್ ಎಳೆಯಲು ಆಗುವುದೇ ಇಲ್ಲ ಎಂದಾಗ ಮಾತ್ರ ತಗೊಳ್ಳಿ. ಸಿಗ್ನಲ್ ಸತ್ತ ಖೋಲಿಯಲ್ಲಿ ಇಡಬೇಡಿ, ಅರ್ಧ ದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ ಇಡಿ. ಫೋನಿಗೆ ಹಾಕಿಕೊಳ್ಳುವ ಸ್ಪೀಡ್ ಬೂಸ್ಟರ್ ಆ್ಯಪ್‌ಗಳಿಂದ ಏನೂ ಆಗದು, ಜಾಹೀರಾತು ಮಾತ್ರ ಬರುತ್ತದೆ. ಡಿಎನ್ಎಸ್ (ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಬದಲಿಸಿದರೆ ಪುಟ ಬೇಗ ತೆರೆಯಬಹುದು, ದೊಡ್ಡ ಫೈಲ್ ಬೇಗ ಇಳಿಯುವುದಿಲ್ಲ.

ಯಾರು ತಿನ್ನುತ್ತಿದ್ದಾರೆ?

ಕೆಲವು ಸಲ ಎಲ್ಲವೂ ಸರಿ ಇದ್ದು ಸಂಜೆ ಮಾತ್ರ ನಿಧಾನ. ಬಾಕ್ಸಿನ ಪುಟದಲ್ಲಿ ಯಾವ ಯಾವ ಸಾಧನ ಕೂಡಿಕೊಂಡಿದೆ ಎಂಬ ಪಟ್ಟಿ ನೋಡಿ. ಮದುವೆಯಿಂದ ಬಂದವರ ಫೋನು ನೂರಾರು ಫೋಟೋಗಳನ್ನು ಮೇಲೆ ಕಳಿಸುತ್ತಿರಬಹುದು, ಸಿಸಿಟಿವಿ ಕ್ಯಾಮೆರಾ ದಿನವಿಡೀ ಕ್ಲೌಡಿಗೆ ವಿಡಿಯೋ ಕಳಿಸುತ್ತಿರಬಹುದು. ಅಪ್‌ಲೋಡ್ ತುಂಬಿದರೆ ಡೌನ್‌ಲೋಡೂ ನಿಲ್ಲುತ್ತದೆ. ಫೈಲಿನ ತುಂಡು ಬಂದು ಮುಟ್ಟಿದೆ ಎಂದು ನಿಮ್ಮ ಫೋನು ಆಗಾಗ ಮೇಲೆ ತಿಳಿಸುತ್ತಿರಬೇಕು, ಆ ಸುದ್ದಿ ಹೋಗಲು ದಾರಿ ಇಲ್ಲದಂತಾಗುತ್ತದೆ. ಫೋಟೋ ಬ್ಯಾಕಪ್, ವಿಂಡೋಸ್ ಅಪ್‌ಡೇಟ್ ರಾತ್ರಿ ಮಲಗಿದ ಮೇಲೆ ನಡೆಯುವಂತೆ ಇಡಿ. ಪರಿಚಯ ಇಲ್ಲದ ಹೆಸರು ಪಟ್ಟಿಯಲ್ಲಿ ಕಂಡರೆ ಪಾಸ್‌ವರ್ಡ್ ಬದಲಿಸಿ.

ತಂತಿಯಲ್ಲೇ ಕಡಿಮೆ ಬಂದರೆ

200, 300ರ ಪ್ಲ್ಯಾನ್ ಇದ್ದು ತಂತಿಯಲ್ಲಿ ಸರಿಯಾಗಿ 94, 95ಕ್ಕೆ ನಿಂತರೆ ಕಂಪನಿಗೆ ಫೋನ್ ಮಾಡುವ ಮುಂಚೆ ಲ್ಯಾನ್ ಕೇಬಲ್ ನೋಡಿ. ಎಲ್ಲೋ ಒಂದು ಕಡೆ 100ರ ಪೋರ್ಟ್ ಇದೆ, ಇಲ್ಲವೇ ಕೇಬಲಿನ ಜಾಕಿನಲ್ಲಿ ಎಂಟು ಎಳೆಗಳ ಪೈಕಿ ಒಂದು ಕಚ್ಚಿಕೊಂಡಿಲ್ಲ. ಗಿಗಾಬಿಟ್‌ಗೆ ಎಂಟೂ ಬೇಕು, ಒಂದು ಕೈಕೊಟ್ಟರೂ ಸಂಪರ್ಕ 100ಕ್ಕೆ ಇಳಿಯಬಹುದು. ಬೇರೆ ಕೇಬಲ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

ಅದೂ ಅಲ್ಲದಿದ್ದರೆ ಲೈನ್. ಬಾಕ್ಸಿನ ಮೇಲೆ ಎಲ್ಓಎಸ್ ದೀಪ ಕೆಂಪಗೆ ಹೊತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ದೀಪ ಸರಿ ಇದ್ದೂ ನಿಧಾನವಾಗಿದ್ದರೆ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಬಾಕ್ಸಿಗೆ ಬರುವ ಬೆಳಕಿನ ಬಲ ನೋಡಿ. -15ರಿಂದ -25 ಡಿಬಿಎಂ ಒಳಗಿದ್ದರೆ ನಿಶ್ಚಿಂತೆ. -27ಕ್ಕಿಂತ ಕೆಳಗಿಳಿದರೆ (-28, -29) ಬಾಕ್ಸಿಗೆ ಬೆಳಕು ಸರಿಯಾಗಿ ಕಾಣುವುದಿಲ್ಲ. ಮಳೆಗಾಲದಲ್ಲಿ ಮರದ ಟೊಂಗೆ ತಾಗಿ, ರಸ್ತೆ ಅಗೆದು, ಜಾಯಿಂಟಿಗೆ ನೀರು ಹೋಗಿ ಹೀಗಾಗುತ್ತದೆ. ಅದನ್ನು ಕಂಪನಿಯವರೇ ಸರಿಮಾಡಬೇಕು. ಬೆಳಿಗ್ಗೆ ಪೂರ್ತಿ, ರಾತ್ರಿ ಒಂಬತ್ತಕ್ಕೆ ಅರ್ಧ ಎಂದಾದರೆ ನಿಮ್ಮ ಓಣಿಯ ಹಂಚಿಕೆಯಲ್ಲಿ ಅಥವಾ ಕಂಪನಿಯ ಮುಂದಿನ ದಾರಿಯಲ್ಲಿ ಒತ್ತಡ. ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಸಾಮಾನ್ಯ ಜಿಪಾನ್ ಲೈನಿನಲ್ಲಿ ಸುಮಾರು 2.5 ಗಿಗಾಬಿಟ್ ಡೌನ್‌ಲೋಡನ್ನು 32 ಅಥವಾ 64 ಮನೆಗಳ ತನಕ ಹಂಚುತ್ತಾರೆ. ತಿಂಗಳ ಕೊನೆಗೆ ಮಾತ್ರ ನಿಧಾನವಾದರೆ ಪ್ಲ್ಯಾನಿನ ಡೇಟಾ ಮಿತಿ ಮುಗಿದಿದೆಯೇ ನೋಡಿ.

ದೂರು ಕೊಡುವಾಗ "ನೆಟ್ ಸ್ಲೋ ಐತಿ" ಎಂದಷ್ಟೇ ಹೇಳಬೇಡಿ. ಆ ಕಡೆಯವರು ರೀಸ್ಟಾರ್ಟ್ ಮಾಡಿ ಎಂದು ಫೋನಿಡುತ್ತಾರೆ. "ಲ್ಯಾನ್ ಕೇಬಲಿನಲ್ಲಿ, ವೈಫೈ ಆಫ್ ಮಾಡಿ, ರಾತ್ರಿ ಒಂಬತ್ತಕ್ಕೆ ಇಷ್ಟು, ಬೆಳಿಗ್ಗೆ ಆರಕ್ಕೆ ಇಷ್ಟು, ಆಪ್ಟಿಕಲ್ ಪವರ್ ಇಷ್ಟು" ಎಂದು ಹೇಳಿ, ಸ್ಕ್ರೀನ್‌ಶಾಟ್ ಕಳಿಸಿ. 2023ರಿಂದ ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್‌ಗಿಂತ ಕಡಿಮೆ ಇರುವ ಸಂಪರ್ಕ ಬ್ರಾಡ್‌ಬ್ಯಾಂಡೇ ಅಲ್ಲ, ಅಷ್ಟು ಇಳಿದಿದ್ದರೆ ಅದನ್ನೂ ಬರೆಯಿರಿ. ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಬರೆದಿಟ್ಟುಕೊಳ್ಳಿ. ಕೊಟ್ಟ ಅವಧಿಯಲ್ಲಿ ಸರಿಯಾಗದಿದ್ದರೆ ಅದೇ ನಂಬರ್ ಹಾಕಿ ಕಂಪನಿಯ ಅಪೆಲೇಟ್ ಅಥಾರಿಟಿಗೆ ಅಪೀಲು ಕೊಡಬಹುದು. ಟ್ರಾಯ್‌ನ 2012ರ ನಿಯಮದಂತೆ ಪ್ರತಿ ಕಂಪನಿಯೂ ಅದನ್ನು ಇಟ್ಟಿರಲೇಬೇಕು, ಅದಕ್ಕೆ ಶುಲ್ಕ ಇಲ್ಲ.